ಶನಿವಾರ ಕ್ಲಿವೊನ್ ಹುಟ್ಟಿದ ಹೆಬ್ಬಾವು

ಹಾವಿಗೂ ಹುಟ್ಟಿದ ದಿನ ಕೂಡಿಸಿ ನೋಡಬೇಕು ಅಂತ ವಾರ್ಸಿನಿ ಅಂದದ್ದು ಗಂಡನ ಬಾಯಿ ಮುಚ್ಚಿಸೋದಕ್ಕೆ, ಬೇರೆ ಯಾತಕ್ಕೂ ಅಲ್ಲ. ಒಂದು ವರ್ಷದಿಂದ ಆ ಮನುಷ್ಯ ಹೆಬ್ಬಾವು ಹೆಬ್ಬಾವು ಅಂತ ಅವಳ ತಲೆ ತಿಂದಿದ್ದ. ಊಟಕ್ಕೆ ಕೂತರೆ ಅದೇ ಮಾತು, ಮಲಗೋಕೆ ಹೋದರೆ ಅದೇ ಮಾತು.

ಪಾಪ, ತುಗಿಮಾನನ ಆಸೆ ಸಣ್ಣದೇ, ಹಾವು ಮಾತ್ರ ದೊಡ್ಡದು. ಸೋಲೋ ಊರಿನ ದೊಡ್ಡ ರಸ್ತೆಗೆ ಭಾನುವಾರ ಬೆಳಿಗ್ಗೆ ಗಾಡಿ ಬಿಡುವುದಿಲ್ಲ, ಊರಿಗೆ ಊರೇ ಅಲ್ಲಿ ನಡೆದಾಡುತ್ತದೆ. ಹಾವು ಸಾಕಿದವರ ಸಂಘದವರು ಹೆಗಲ ಮೇಲೆ ಹೆಬ್ಬಾವು ಹಾಕಿಕೊಂಡು ಬರುತ್ತಾರೆ. ಹುಡುಗಿಯರು ಕಿರುಚುತ್ತಾ ಕಿರುಚುತ್ತಾ ಹತ್ತಿರಕ್ಕೇ ಬರುತ್ತಾರೆ, ಪೊಲೀಸಿನವನೂ ಟೋಪಿ ಸರಿಮಾಡಿಕೊಂಡು ಫೋಟೋಗೆ ನಿಲ್ಲುತ್ತಾನೆ. ಅದೇ ರಸ್ತೆಯ ತುದಿಯಲ್ಲಿ ತುಗಿಮಾನ ಇಪ್ಪತ್ತು ವರ್ಷದಿಂದ ಕೋಳಿ ತುಂಡು ಕಡ್ಡಿಗೆ ಪೋಣಿಸಿ ಕೆಂಡದ ಮೇಲೆ ಸುಡುತ್ತಾ ಕೂತಿದ್ದಾನೆ. ಜನ ಅವನ ಕಡ್ಡಿ ನೋಡುತ್ತಾರೆ, ಕಡಲೆಕಾಯಿ ಚಟ್ನಿ ನೋಡುತ್ತಾರೆ, ಹೊಗೆ ಬಂದರೆ ಮುಖ ಸಿಂಡರಿಸುತ್ತಾರೆ. ಅವನ ಮುಖ ನೋಡಿದವರು ಯಾರಿದ್ದಾರೆ ಹೇಳಿ? ಒಂದು ಸಲ, ಒಂದೇ ಒಂದು ಸಲ ಆ ರಸ್ತೆ ತನ್ನ ಕಡೆ ತಿರುಗಿ ನೋಡಬೇಕು ಅಂತ ಅವನ ಜೀವ ತುಡಿಯುತ್ತಿತ್ತು.

ತುಡಿದರೆ ಏನು ಬಂತು? ನಮ್ಮ ಜಾವಾದಲ್ಲಿ ಗಂಡ ದುಡಿದದ್ದನ್ನ ತಂದು ಹೆಂಡತಿ ಕೈಗೆ ಹಾಕಬೇಕು, ಆಮೇಲೆ ಒಂದು ಲವಂಗದ ಸಿಗರೇಟಿಗೂ ಅವಳ ಮುಂದೆ ಕೈಯೊಡ್ಡಬೇಕು. ದುಡ್ಡಿದ್ದ ಬಿಸ್ಕತ್ತಿನ ಡಬ್ಬಿ ವಾರ್ಸಿನಿಯ ಬೀರುವಿನಲ್ಲಿ, ಬೀರುವಿನ ಕೀಲಿಕೈ ಅವಳ ಕೊರಳಲ್ಲಿ. ಅವಳೇನು ಸುಮ್ಮನೆ ಕೂತು ತಿನ್ನುವವಳಲ್ಲ, ಓದುವ ಹುಡುಗರ ಹಾಸ್ಟೆಲಿನ ಬಟ್ಟೆಯೆಲ್ಲ ಅವಳೇ ಒಗೆಯುವುದು. ಆ ಡಬ್ಬಿಯಲ್ಲಿ ಅವಳ ಸೋಪಿನ ದುಡ್ಡೂ ಇತ್ತು.

"ಕೋಳಿ ಅಂಗಡಿ ನಮ್ದೇ ಅಲ್ವೇನೇ? ಉಳಿದದ್ದು ಬಳಿದದ್ದು ಎಲ್ಲಾ ಅದಕ್ಕೇ ಹಾಕಿದ್ರಾಯ್ತು. ಸಾಕೋಕೆ ಖರ್ಚೇ ಇಲ್ಲ" ಅಂದ ತುಗಿಮಾನ.

"ನಿಮ್ಮನ್ನ ಕಟ್ಕೊಳ್ಳುವಾಗ್ಲೂ ನಮ್ಮಪ್ಪನಿಗೆ ಹೀಗೇ ಹೇಳಿದ್ರು, ಖರ್ಚಿಲ್ಲದ ಹುಡುಗ ಅಂತ" ಅಂದಳು ವಾರ್ಸಿನಿ. ಗಂಡನನ್ನ ಅವಳು ಮರ್ಯಾದೆಯಾಗಿ ಮಾಸ್ ಅಂತಲೇ ಕರೆಯುವುದು. "ನೋಡಿ ಮಾಸ್, ನಮ್ಮ ಮದುವೆಗೆ ಹುಟ್ಟಿದ ದಿನ ಕೂಡಿಸಿ ನೋಡಿದ್ರು ತಾನೆ? ಮನೆಗೆ ಇನ್ನೊಂದು ಜೀವ ಬರೋದಾದ್ರೆ ಅದಕ್ಕೂ ನೋಡ್ಬೇಕು. ನಿಮ್ಮ ದಿನಕ್ಕೆ ಹಾವಿನ ದಿನ ಕೂಡಿಬರ್ಲಿ, ಡಬ್ಬಿ ತೆಗೀತೀನಿ."

ನಮ್ಮಲ್ಲಿ ಏಳು ದಿನದ ವಾರ ಒಂದು, ಐದು ದಿನದ ಸಂತೆ ವಾರ ಇನ್ನೊಂದು, ಕ್ಲಿವೊನ್, ಪಾಹಿಂಗ್ ಅಂತೆಲ್ಲ ಅದರ ದಿನಗಳ ಹೆಸರು. ಎರಡೂ ಗೊತ್ತಿದ್ದರೇ ಹುಟ್ಟಿದ ದಿನ. ಮನುಷ್ಯರದ್ದೇ ಎಷ್ಟೋ ಜನಕ್ಕೆ ನೆನಪಿರೋದಿಲ್ಲ, ಹಾವಿಂದು ಯಾರಪ್ಪ ನೆನಪಿಟ್ಟಿರ್ತಾನೆ ಅಂತ ವಾರ್ಸಿನಿಯ ಎಣಿಕೆ. ಬಟ್ಟೆ ಹಿಂಡುತ್ತಾ ತನ್ನ ಜಾಣತನಕ್ಕೆ ತಾನೇ ನಕ್ಕಳು.

ಅವಳಿಗೆ ದಾರ್ಸೊನೊ ಗೊತ್ತಿರಲಿಲ್ಲ. ಎಲ್ಲರೂ ಮರ್ಯಾದೆಯಿಂದ ಪಾಕ್ ಅಂತ ಕರೆಯುವ ದಾರ್ಸೊನೊ ಹಾವಿನ ಸಂಘದ ಹಿರಿಯ, ಮನೆ ಹಿತ್ತಲಲ್ಲಿ ಹೆಬ್ಬಾವಿನ ಮೊಟ್ಟೆ ಮರಿ ಮಾಡಿಸಿ ಸಾಕಿ ಮಾರುವವನು. ರಂಜಾನ್ ಹಬ್ಬಕ್ಕೆ ಅಂಗಡಿ ಮುಚ್ಚಿ ವಾರವಾಗಿದ್ದಾಗ ತುಗಿಮಾನ ಅವನ ಮನೆಗೆ ಹೋದ. ಹೆಂಡತಿಯ ಸೋಪಿನಲ್ಲಿ ತಿಕ್ಕಿ ತಿಕ್ಕಿ ಸ್ನಾನ ಮಾಡಿ, ಅವಳು ಒಗೆದ ಹೊಸ ಬಾತಿಕ್ ಅಂಗಿ ತೊಟ್ಟು, ಹೆಣ್ಣು ನೋಡೋಕೆ ಹೊರಟ ಗಂಡಿನ ಹಾಗೇ ಹೋದ.

ಮೊದಲು ತೋರಿಸಿದ್ದು ಹಳದಿ ಬಣ್ಣದ್ದು, ಮೈಯೆಲ್ಲ ಮಾಗಿದ ಮಾವಿನ ಹಾಗೆ. ಬೆಲೆ ಕೇಳಿ ತುಗಿಮಾನ ಚಾಚಿದ ಕೈ ಹಿಂದಕ್ಕೆ ಎಳೆದುಕೊಂಡ. "ಅದಕ್ಕೆ ಮೋಟಾರ್‌ಸೈಕಲ್ಲೇ ಬರುತ್ತಲ್ಲ, ಪಾಕ್" ಅಂದ. ಎರಡನೆಯದು ಅಗ್ಗ, ಆದರೆ ಮಂಚದಿಂದ ಮಂಚಕ್ಕೆ ಹಾಸಿದರೂ ಮಿಗುವಷ್ಟು ಉದ್ದ.

"ಇದು ಬೇಡ ನಿನಗೆ. ಹಿಡಿಯೋಕೆ ಮೂರು ಜನ ಬೇಕು, ಉಣಿಸೋಕೆ ನಿನ್ನ ಅಂಗಡೀನೇ ಬೇಕು" ಅಂದ ದಾರ್ಸೊನೊ. "ಮೊದಲನೇ ಸಲ ಸಾಕುವವನು ಸ್ವಭಾವ ನೋಡ್ಬೇಕು, ಉದ್ದ ನೋಡ್ಬಾರ್ದು."

ಮೂರನೆಯದು ಹೆಣ್ಣು. ಎರಡಾಳುದ್ದ ಇರಬಹುದು, ಮೈ ತುಂಬ ಕಂದು ಕಪ್ಪಿನ ಬಲೆ ಚಿತ್ತಾರ. ಬೆಲೆ ಅಂದರೆ ಒಂದು ಒಳ್ಳೆಯ ಮೇಕೆಯ ಬೆಲೆ. ದಾರ್ಸೊನೊ ಅದನ್ನು ಎತ್ತಿ ತುಗಿಮಾನನ ಕೊರಳಿಗೆ ಹಾಕಿದ. ಅದು ನಿಧಾನಕ್ಕೆ ಒಂದು ಸುತ್ತು ಸುತ್ತಿ, ಅವನ ಕಾಲರಿನ ಹತ್ತಿರ ತಲೆಯಿಟ್ಟು ಅಲ್ಲೇ ಇದ್ದುಬಿಟ್ಟಿತು. ತುಗಿಮಾನನ ಕಣ್ಣಲ್ಲಿ ನೀರು ಬಂತು. ನಾಚಿಕೆ ಬಿಟ್ಟು ಹೇಳುತ್ತೇನೆ, ಮದುವೆಯ ದಿನವೂ ಅವನಿಗೆ ಇಷ್ಟು ಖುಷಿ ಆಗಿರಲಿಲ್ಲ.

"ಇದು ಹುಟ್ಟಿದ ದಿನ ಯಾವುದು, ಪಾಕ್?"

ದಾರ್ಸೊನೊ ನಗಲಿಲ್ಲ. ಜಾವಾದವನಿಗೆ ಜಾವಾದವನು ಅಂಥ ಪ್ರಶ್ನೆ ಕೇಳಿದರೆ ನಗು ಬರುವುದಿಲ್ಲ. "ನನ್ನ ಮಗಳ ಮದುವೆ ದಿನವೇ ಮೊಟ್ಟೆ ಒಡೆದದ್ದು. ಬೀಗರನ್ನ ಕೂರಿಸೋದೋ, ಇವುಗಳ್ನ ನೋಡೋದೋ ಅಂತ ಒದ್ದಾಡಿದ್ದೆ. ಶನಿವಾರ ಕ್ಲಿವೊನ್" ಅಂದ.

ತುಗಿಮಾನ ಅಲ್ಲಿಂದ ನೆಟ್ಟಗೆ ದಿನ ಕೂಡಿಸುವ ರೆಜೊ ಅಜ್ಜನ ಮನೆಗೆ ನಡೆದ. ಅಜ್ಜ ಕಣ್ಣು ಮುಚ್ಚಿ ಬೆರಳ ಗೆಣ್ಣು ಎಣಿಸಿದ. "ನಿಂದು ಭಾನುವಾರ ಕ್ಲಿವೊನ್. ಆ ಕಡೆಯದು ಶನಿವಾರ ಕ್ಲಿವೊನ್. ಬೇಡಪ್ಪ ಬೇಡ, ಜಗಳದ ಮನೆಗೆ ಬೀಳುತ್ತೆ. ದಿನಾ ಕಿತ್ತಾಟ. ಯಾರು ಈ ಹೆಣ್ಣು?"

ತುಗಿಮಾನನ ಮುಖ ಇಳಿದುಹೋಯಿತು. ಕಾಲರಿನ ಹತ್ತಿರ ಅದು ತಲೆಯಿಟ್ಟದ್ದು ನೆನಪಾಯಿತು, ಭಾನುವಾರದ ರಸ್ತೆ ನೆನಪಾಯಿತು. ಆಗ ಅವನ ತಲೆಗೆ ಆ ಕಳ್ಳ ಯೋಚನೆ ಬಂದದ್ದು.

"ಹೆಣ್ಣಲ್ಲ ಅಜ್ಜ, ಹಾವು. ಅದೂ ನನಗಲ್ಲ. ಮಂಗಳವಾರ ಪಾಹಿಂಗ್ ಹುಟ್ಟಿದವರಿಗೆ ಕೂಡಿಸಿ ನೋಡಿ."

ಅದು ವಾರ್ಸಿನಿ ಹುಟ್ಟಿದ ದಿನ. ತನ್ನದು ಬಿಟ್ಟರೆ ಅವನಿಗೆ ಬಾಯಿಪಾಠ ಬರುತ್ತಿದ್ದದ್ದು ಅದೊಂದೇ.

ಅಜ್ಜ ಮತ್ತೆ ಎಣಿಸಿ ಕಣ್ಣು ಬಿಟ್ಟ. "ಇದು ನೋಡು ಜೋಡಿ. ಅನ್ನ ಹುಡುಕ್ಕೊಂಡು ಬರುತ್ತೆ ಮನೆಗೆ" ಅಂದ.

ಮನೆಗೆ ಬಂದವನೇ ತುಗಿಮಾನ ಎದೆಯುಬ್ಬಿಸಿ ನಿಂತ. "ಕೂಡಿಬಂತು ಕಣೇ. ಎಂಥಾ ಜೋಡಿ ಅಂತೀಯ. ನಂಬಿಕೆ ಇಲ್ದಿದ್ರೆ ರೆಜೊ ಅಜ್ಜನ್ನೇ ಕೇಳು." ಕೇಳಲಿಕ್ಕೆ ಹೋಗುವುದಿಲ್ಲ ಅಂತ ಅವನ ಧೈರ್ಯ. ಇಷ್ಟು ವರ್ಷ ಒಟ್ಟಿಗೆ ಬಾಳಿ ಹೆಂಡತಿ ಎಂಥವಳು ಅಂತ ತಿಳಿಯದ ಪುಣ್ಯಾತ್ಮ.

ವಾರ್ಸಿನಿ ಹೋದಳು, ಕೇಳಿದಳು, ಬಂದಳು. ಬಂದವಳ ತುಟಿಯ ಮೂಲೆಯಲ್ಲಿ ಒಂದು ನಗು. ಬೀರು ತೆಗೆದು, ಡಬ್ಬಿ ತೆಗೆದು, ಮೇಕೆಯ ಬೆಲೆ ಎಣಿಸಿ ಅವನ ಕೈಗಿಟ್ಟಳು. ಇಷ್ಟು ಸಲೀಸಾಗಿ ಕೊಟ್ಟಳಲ್ಲ ಅಂತ ತುಗಿಮಾನನಿಗೆ ಒಂದು ಗಳಿಗೆ ಭಯವಾಯಿತು, ಆಮೇಲೆ ಸಂತೋಷದಲ್ಲಿ ಅದೂ ಮರೆತುಹೋಯಿತು.

ಹಾವು ಬಂತು. ಮುಂದಿನ ಕೋಣೆಯಲ್ಲಿ ಮರದ ದೊಡ್ಡ ಪೆಟ್ಟಿಗೆ, ಮುಂದಕ್ಕೆ ಗಾಜು. ಹೊಸ ಜಾಗ, ಒಂದು ವಾರ ಮುಟ್ಟಬೇಡ ಅಂದಿದ್ದ ದಾರ್ಸೊನೊ. ತುಗಿಮಾನ ದಿನವೂ ಗಾಜಿಗೆ ಮೂಗು ಒತ್ತಿ ಕೂತು ಆ ವಾರ ಕಳೆದ. ಅಷ್ಟರಲ್ಲಿ ಹಬ್ಬ ಮುಗಿದು ಅಂಗಡಿ ತೆರೆದಿತ್ತು. ಶನಿವಾರ ಸಂಜೆ ಕೋಳಿ ಕತ್ತರಿಸಿ, ಕಡ್ಡಿಗೆ ಪೋಣಿಸಿ, ಸುಟ್ಟು, ಮಾರಿ, ಓಡೋಡಿ ಮನೆಗೆ ಬಂದು, ನಾಳೆ ರಸ್ತೆಗೆ ಹೋಗೋಣ ಬಾ ಚಿನ್ನ ಅಂತ ಪೆಟ್ಟಿಗೆಗೆ ಕೈ ಹಾಕಿದ.

ಚಿನ್ನ ಗಬಕ್ಕನೆ ಕೈ ಹಿಡಿಯಿತು.

ಹಿಡಿದದ್ದು ಬಿಡಲಿಲ್ಲ. ಮೊಣಕೈವರೆಗೂ ಸುತ್ತಿಕೊಂಡು ಬಿಗಿಯುತ್ತಾ ಹೋಯಿತು. ತುಗಿಮಾನನ ಬಾಯಿಂದ ದೇವರ ಹೆಸರು, ಅಮ್ಮನ ಹೆಸರು, ದಾರ್ಸೊನೊನ ವಂಶದ ಹೆಸರು ಎಲ್ಲ ಬಂತು. ಬಟ್ಟೆ ಜಾಲಿಸುತ್ತಿದ್ದ ವಾರ್ಸಿನಿ ತಣ್ಣೀರಿನ ಚೊಂಬಿನೊಂದಿಗೆ ಬಂದು ಹಾವಿನ ಮೂತಿಗೆ ಸುರಿದಳು. ಅದು ಹಲ್ಲು ಬಿಟ್ಟಿತು. ಅವಳು ಬಾಲದಿಂದ ಸುತ್ತು ಬಿಡಿಸುತ್ತಾ ಬಂದಳು, ಅದು ಅವಳ ಒದ್ದೆ ಕೈ ಮೇಲೆ ನಾಲಿಗೆ ಆಡಿಸಿ, ತೋಳು ಹತ್ತಿ, ಕೊರಳು ಬಳಸಿ, ತಲೆಯಿಟ್ಟು ತೆಪ್ಪಗಾಯಿತು.

ಫೋನಿನಲ್ಲಿ ದಾರ್ಸೊನೊ ನಕ್ಕೂ ನಕ್ಕೂ ಕೆಮ್ಮಿದ. "ನಿನ್ನ ಕೈ ನೀನೇ ಮೂಸಿ ನೋಡೋ. ಇಪ್ಪತ್ತು ವರ್ಷದ ಕೋಳಿ ಇದೆ ಅದ್ರಲ್ಲಿ. ಅದು ನಿನ್ನ ಕಚ್ಚಲಿಲ್ಲ, ಊಟಕ್ಕೆ ಕೂತಿತು. ನನ್ನ ಹತ್ರ ಬಂದಾಗ ಸೋಪಿನ ವಾಸನೆ ಹೊಡೀತಿದ್ದೆಯಲ್ಲ, ನೀನು ದೋಬಿ ಅಂತ ತಿಳ್ಕೊಂಡಿತ್ತು ಅದು."

ತುಗಿಮಾನ ನಿಂಬೆಹಣ್ಣು ಉಜ್ಜಿದ, ಬೂದಿ ಉಜ್ಜಿದ, ಹೆಂಡತಿಯ ಸೋಪು ಅರ್ಧ ಕರಗಿಸಿದ. ಗಾಜಿನ ಹತ್ತಿರ ಹೋದರೆ ಸಾಕು, ಒಳಗಡೆ ಕತ್ತು ಮಡಿಸಿಕೊಂಡು ಸಿದ್ಧವಾಗುತ್ತಿತ್ತು.

"ಜಗಳದ ಮನೆಗೆ ಬಿದ್ದಿದೆ ಅಂತ ಅಜ್ಜ ಹೇಳ್ಲಿಲ್ವಾ, ಮಾಸ್?" ಅಂತ ವಾರ್ಸಿನಿ ಅವನ ಕೈಗೆ ಬಟ್ಟೆ ಸುತ್ತುತ್ತಾ ಮೆಲ್ಲಗೆ ಕೇಳಿದಳು. ತುಗಿಮಾನ ಕೈ ಎಳೆದುಕೊಳ್ಳೋಕೆ ನೋಡಿದ. "ನನಗಂತೂ ಬಾಯಿ ತುಂಬ ಹೇಳಿದ್ರು. ನಿನ್ನ ಗಂಡ ನಿನಗೆ ಹಾವು ತರ್ತಾನಂತಲ್ಲ ಮಗಳೇ, ಮಂಗಳವಾರ ಪಾಹಿಂಗಿಗೆ ಚೆನ್ನಾಗಿ ಕೂಡುತ್ತೆ ಅಂದ್ರು. ಹಿರಿಯರ ಮಾತು, ನಾನು ನನ್ನ ಹಾವಿಗೆ ಅಂತಾನೇ ಡಬ್ಬಿ ತೆಗೆದೆ. ನೀವು ನಿಮಗೆ ಅಂದ್ಕೊಂಡ್ರಾ?"

ಮಾರನೆಯ ದಿನ ಭಾನುವಾರ. ವಾರ್ಸಿನಿ ಹಬ್ಬದ ರವಿಕೆ ತೊಟ್ಟು, ಹೆಬ್ಬಾವನ್ನು ಹೆಗಲಿಗೆ ಹಾಕಿಕೊಂಡು ದೊಡ್ಡ ರಸ್ತೆಗೆ ಇಳಿದಳು. ರಸ್ತೆಗೆ ರಸ್ತೆಯೇ ತಿರುಗಿ ನೋಡಿತು. ಹುಡುಗಿಯರು ಕಿರುಚುತ್ತಾ ಹತ್ತಿರ ಬಂದರು, ಪೊಲೀಸಿನವನು ಟೋಪಿ ಸರಿಮಾಡಿಕೊಂಡ. ಒಂದೊಂದು ಫೋಟೋಗೂ ಜನ ತಾವಾಗಿಯೇ ನೋಟು ಕೊಟ್ಟರು, ಅವಳು ಬೇಡ ಬೇಡ ಅನ್ನುತ್ತಲೇ ತೆಗೆದುಕೊಂಡಳು. ತುಗಿಮಾನ ಬ್ಯಾಂಡೇಜಿನ ಕೈಯಲ್ಲಿ ಅವಳ ಕೊಡೆ, ಇನ್ನೊಂದರಲ್ಲಿ ಅವಳ ಚಪ್ಪಲಿ ಹಿಡಿದುಕೊಂಡು ಹತ್ತು ಮಾರು ಹಿಂದೆ ಬರುತ್ತಿದ್ದ. ಹತ್ತಿರ ಬಂದರೆ ಹಾವು ಅವನ ಕಡೆ ತಿರುಗುತ್ತಿತ್ತು. ಅಷ್ಟು ಜನರಲ್ಲಿ ಅವನನ್ನು ನೋಡುತ್ತಿದ್ದದ್ದು ಅದೊಂದೇ. ಹೊಟ್ಟೆ ಉರಿಯಿತು, ಆದರೂ ನನ್ನ ಹೆಂಡತಿ ಎಷ್ಟು ಲಕ್ಷಣವಾಗಿ ಕಾಣ್ತಿದ್ದಾಳೆ ಅಂತಲೂ ಅನ್ನಿಸಿತು.

ಕೊನೆಗೆ ತಡೆಯಲಾರದೆ ದೂರದಿಂದಲೇ ಕೇಳಿದ. "ಏನೇ, ವಾರವಿಡೀ ಅಂಗಡಿ ಮುಚ್ಚಿ, ಮುಂದಿನ ಭಾನುವಾರ ನಿನ್ನ ಸೋಪಲ್ಲೇ ಸ್ನಾನ ಮಾಡಿ ಬರ್ತೀನಿ. ಒಂದು ಸಲ ನನ್ನ ಹೆಗಲಿಗೆ ಕೊಡ್ತೀಯಾ?"

ವಾರ್ಸಿನಿ ಹಾವಿನ ತಲೆ ಸವರಿದಳು.

"ಅದಕ್ಕೇನಂತೆ ಮಾಸ್, ಕೊಡೋಣ" ಅಂದಳು. "ರೆಜೊ ಅಜ್ಜನ ಹತ್ರ ಹೋಗಿ ಇನ್ನೊಂದು ಸಲ ಕೂಡಿಸಿ ನೋಡ್ಕೊಂಡು ಬನ್ನಿ. ಈ ಸಲ ನಿಮ್ಮ ದಿನಾನೇ ಹೇಳಿ."