ಹೊಸ ಹಸುವಿನ ಹಾಲು

“ಹಸೂಗಿರೋ ಬುದ್ಧೀನೂ ನಿನಗಿಲ್ವಲ್ಲೇ, ಮೂದೇವಿ. ಪುಕ್ಕಟೆ ಕೊಟ್ಟ ಜೋಳಕ್ಕೆ ಮೂಗು ಮುರೀತೀಯಾ?”

“ಹಸು ತಿನ್ಬಾರ್ದು ಅಂದ್ಮೇಲೆ ತಾನೇ ಧಣಿ, ನಮ್ಮೇಲೆ ನಿಮಗೆ ಪ್ರೀತಿ ಉಕ್ಕಿದ್ದು?” ಸಗಣಿ ಬಾಚುತ್ತಲೇ ಕೇಳಿದಳು ಬಾಯಿಬಡುಕಿ. ಆ ಹೆಸರಿಟ್ಟವನೂ ಧಣಿಯೇ.

ಅವಳು ಹೇಳಿದ್ದು ಸುಳ್ಳಲ್ಲ. ಕಳೆದ ತಿಂಗಳು ಡೇರಿಯವನು ಅಂಗೈಯಗಲದ ಯಂತ್ರವೊಂದನ್ನು ತಂದಿದ್ದ. ಅದಕ್ಕೆ ಹಾಲಿನ ಹನಿ ಬಿಟ್ಟರೆ ಒಳಗೆ ನೀಲಿ ಬೆಳಕು ಹಾಯುತ್ತದೆ. ಒಳ್ಳೆಯ ಹಾಲಿಗೆ ಹಸಿರು ದೀಪ, ವಿಷದ ಹಾಲಿಗೆ ಕೆಂಪು. ಧಣಿಯ ಹಾಲಿಗೆ ಕೆಂಪು ಬಂತು. ಬೂಷ್ಟು ಹಿಡಿದ ಜೋಳದ ವಿಷ ಹಾಲಿಗಿಳಿದಿದೆ, ಹಸುಗಳಿಗೆ ಅದನ್ನು ಹಾಕಲೇಬೇಡಿ ಎಂದು ಅವನು ಹೇಳಿಹೋದ. ಧಣಿ ಅಷ್ಟೂ ಮೂಟೆಗಳನ್ನು ಎಸೆಯುವ ಆಸಾಮಿಯೇ? ಅಂದಿನಿಂದ ಅದು ಆಳುಗಳ ರೇಷನ್ನಾಯಿತು. ಹಸುಗಳು ಹೊಸ ಹಿಂಡಿ ತಿಂದು ಮೈತುಂಬಿಕೊಂಡವು.

ಬಾಯಿಬಡುಕಿಗೆ ಮೊಲೆಹಾಲು ಕುಡಿಯುವ ಮಗಳಿದ್ದಳು. ಅವಳ ಭಯವೆಲ್ಲ ಅದೇ.

ಇಂದು ಡೇರಿಯವನು ಮತ್ತೆ ಬಂದ. ಎಲ್ಲ ಕ್ಯಾನಿಗೂ ಹಸಿರು ದೀಪ. ಧಣಿಯ ಮುಖ ಊರಗಲವಾಯಿತು. ಬಾಯಿಬಡುಕಿ ಕೈ ತೊಳೆದು ಬಣವೆಯ ಹಿಂದೆ ಹೋಗಿ, ಲೋಟ ಹಿಡಿದು ಬಂದಳು.

“ಇದೊಂದು ನೋಡ್ಬಿಡಿ ಸಾರ್. ಹೊಸ ಹಸು.”

ಹನಿ ಬಿತ್ತು. ದೀಪ ಕೆಂಪಗಾಯಿತು.

“ಇದ್ಯಾವ ಹಸು ಧಣಿ? ಜೋಳ ನಿಲ್ಸಿ ಅಂದಿದ್ನಲ್ಲ. ಮೊದ್ಲು ಮೇವು ಬದಲಾಯಿಸಿ. ಕರೂಗೂ ಈ ಹಾಲು ಬಿಡ್ಬೇಡಿ.”

“ಕೇಳಿಸ್ತಾ ಧಣಿ?” ಬಾಯಿಬಡುಕಿ ರವಿಕೆಯ ಗುಂಡಿ ಹಾಕಿಕೊಳ್ಳುತ್ತ ಕೇಳಿದಳು. “ನನ್ನ ಮೇವು ಬದಲಾಯಿಸ್ಬೇಕಂತೆ.”

ಡೇರಿಯವನು ಲೋಟ ಕೆಳಗಿಟ್ಟ. ಸಗಣಿಬುಟ್ಟಿ ಹೊತ್ತಿದ್ದ ಅವಳತ್ತೆಗೆ ಬಂದ ನಗು ಅರ್ಧದಲ್ಲೇ ಅಳುವಾಯಿತು.

“ಥೂ, ನಾಚಿಕೆಗೆಟ್ಟೋಳೇ. ಎದೆ ಹಿಂಡ್ಕೊಂಡು ನಾಲ್ಕು ಜನದ ಮುಂದೆ ಬರ್ತೀಯಾ?” ಧಣಿ ಗದರಿದ.

“ನಾಚಿಕೆ ಇದ್ದಿದ್ರೆ ನಿಮ್ಮ ಜೋಳ ತಿಂತಿದ್ನಾ?”

ಜೋಲಿಯಲ್ಲಿ ಮಗು ಹಸಿದು ಕಿರುಚಿತು. ಎದೆ ತಾನಾಗಿ ಸೋರಿ ಅವಳ ರವಿಕೆ ಒದ್ದೆಯಾಯಿತು. ಮಗುವನ್ನೆತ್ತಿ ಮೊಲೆಗೆ ಹಚ್ಚಲು ಹೋದವಳು ತಡೆದು ನಿಂತಳು.

“ಸಾರ್, ಹಸಿರು ಬಂದಿದ್ದು ಯಾವ ಕ್ಯಾನು?”

“ಎಲ್ಲಾನೂ ತಾಯಿ.” ಡೇರಿಯವನು ಧಣಿಯ ಕಡೆ ನೋಡಲಿಲ್ಲ.

“ಮುಟ್ಟಿದ್ರೆ ಕೈ ಮುರೀತೀನಿ ಬೋಳಿಮಗಳೇ. ಅದು ಮಾರೋ ಹಾಲು.”

ಅವಳು ಲೋಟ ತೊಳೆದು, ಮುಚ್ಚಳ ಕಿತ್ತು, ಹಾಲು ಮೊಗೆದು ಮಗಳ ಬಾಯಿಗಿಟ್ಟಳು. ಮಗು ಗುಟುಕರಿಸಿತು.

“ಅತ್ತೆ, ಬುಟ್ಟಿ ಕೆಳಗಿಡಿ. ಆಳುಗಳ ಮಕ್ಕಳನ್ನೆಲ್ಲ ಕರ್ಕೊಂಡ್ಬನ್ನಿ,” ಎಂದಳು. “ಬರುವಾಗ ಲೋಟ ತರ್ಲಿ.”