ಮೂರನೆಯ ಕೊಟೇಶನ್

ಬೆಳಿಗ್ಗೆ ಹತ್ತೂಕಾಲಿಗೆ ಗುಮಾಸ್ತ ಸೋಮಶೇಖರಪ್ಪ ಚೌಳಹಿರಿಯೂರಿನಲ್ಲಿ ಬಸ್ಸಿಳಿದ. 1979ರ ನವೆಂಬರ್ ಹತ್ತೊಂಬತ್ತು, ಸೋಮವಾರ. ಕಡೂರಿನ ಒಂದು ಸರ್ಕಾರಿ ಹಾಸ್ಟೆಲಿಗೆ ಇಪ್ಪತ್ತು ಕಂಬಳಿ ಬೇಕಿತ್ತು. ಸಣ್ಣ ಖರೀದಿಯಾದ್ದರಿಂದ ಟೆಂಡರ್ ಇಲ್ಲ, ಮೂರು ಕೊಟೇಶನ್ ಸಾಕು. ಆದರೆ ಮೂರೂ ನೇಯುವವರದೇ ಆಗಿರಬೇಕು.

ಊರಲ್ಲಿ ಉಳಿದಿದ್ದ ಮಗ್ಗಗಳೂ ಮೂರೇ: ಈರಭದ್ರಪ್ಪನದು, ಲಕ್ಕಣ್ಣನದು, ಹಾಲಮ್ಮನದು. ಗಂಡ ಹೋದ ಮೇಲೆ ಹಾಲಮ್ಮ ತಾನೇ ನೇಯಲು ಕಲಿತಿದ್ದಳು. ಸಂತೆಯಲ್ಲಿ ಅವಳ ಹತ್ತಿರ ಕೊಳ್ಳುವವರು ಕಡಿಮೆ. ಹನ್ನೆರಡು ಕಂಬಳಿ ಮನೆಯಲ್ಲೇ ಬಿದ್ದಿದ್ದವು. ಮಗ್ಗ ಮಾರಲು ತರೀಕೆರೆಯವನೊಬ್ಬನಿಂದ ಮುಂಗಡವನ್ನೂ ತೆಗೆದುಕೊಂಡಿದ್ದಳು.

ಈರಭದ್ರಪ್ಪನ ಜಗಲಿಯ ಮೇಲೆ ಮೂವರೂ ದರ ಹೇಳಿದರು. ಮೂವರದೂ ಮೂವತ್ತು ರೂಪಾಯಿ.

"ಮೂರೂ ಒಂದೇ ಆದ್ರೆ ಹೆಂಗಪ್ಪಾ? ಯಾರಿಗೆ ಕೊಡ್ಲಿ?"

"ಬೀದಿ ದರ ಒಂದೇ ಸ್ವಾಮಿ. ದೀಪಾವಳಿಗೆ ಕುಂತು ಮಾತಾಡ್ಕೊಂಡಿರ್ತೀವಿ," ಅಂದ ಲಕ್ಕಣ್ಣ. "ಹಾಲಮ್ಮಂಗೇ ಕೊಡಿ."

"ಹಂಗೆ ಬರೆಯಕ್ಕಾಗಲ್ಲ. ಕಡಿಮೆ ಯಾರದೋ ಅವರಿಗೇ ಆರ್ಡರು."

ಹಾಲಮ್ಮ ಸೆರಗು ಸರಿಮಾಡಿಕೊಂಡಳು. "ಹಂಗಾದ್ರೆ ನಂದು ಇಪ್ಪತ್ತೊಂಬತ್ತು..."

"ಏಯ್, ಸುಮ್ಕಿರು ಕಣವ್ವ," ಈರಭದ್ರಪ್ಪ ಗದರಿದ. "ಬೀದಿ ದರ ಮುರೀಬ್ಯಾಡ. ನಾಳೆ ಸಂತೇಲಿ ಎಲ್ರೂ ಇಪ್ಪತ್ತೊಂಬತ್ತಕ್ಕೇ ಕೇಳ್ತಾರೆ."

ಹಾಲಮ್ಮ ತಲೆ ತಗ್ಗಿಸಿದಳು. ಸೋಮಶೇಖರಪ್ಪ ಪೆನ್ನಿಗೆ ಮುಚ್ಚಳ ಹಾಕಿದ.

"ಅಲ್ಲ ಸ್ವಾಮಿ, ಮಾಲು ಎಲ್ಲಿಗೆ ತರ್ಬೇಕು?" ಈರಭದ್ರಪ್ಪ ಕೇಳಿದ.

"ಕಡೂರಿಗೆ. ಹಾಸ್ಟೆಲ್ ಬಾಗಿಲಿಗೆ."

"ಅದನ್ನ ಮೊದ್ಲೇ ಹೇಳಬಾರ್ದೇ? ಗಾಡಿ ಬಾಡಿಗೆ ಸೇರಿ ನಂದು ಮೂವತ್ತೆರಡು. ಬರ್ಕೊಳ್ಳಿ."

"ನಂದು ಮೂವತ್ತೆರಡೂವರೆ," ಅಂದ ಲಕ್ಕಣ್ಣ. "ನನ್ನ ಎತ್ತು ಜಾಸ್ತಿ ತಿಂತವೆ."

"ನಿಂಗೆ ಎತ್ತೆಲ್ಲೈತೋ ಲೇ?"

"ತಗಂಡ್ರೆ ತಿನ್ನಲ್ವಾ?"

ಸೋಮಶೇಖರಪ್ಪ ಹಾಲಮ್ಮನ ಕಡೆ ತಿರುಗಿದ. "ನಿಮ್ದೇನಮ್ಮಾ?"

"ನಾನು ಬಸ್ಸಿನ ಮ್ಯಾಲೆ ಹಾಕ್ಕೊಂಡು ಬತ್ತೀನಿ. ಸಾಲ್ದೆ ಹೋದ್ರೆ ಎರಡು ಸತಿ ಬತ್ತೀನಿ. ಮೂವತ್ತೇ."

ಸೋಮಶೇಖರಪ್ಪ ಹೇಳಿದ್ದನ್ನು ಹೇಳಿದಂತೆಯೇ ಬರೆದುಕೊಂಡ, ಮೂವರಿಗೂ ಓದಿ ಹೇಳಿದ. ಈರಭದ್ರಪ್ಪ, ಲಕ್ಕಣ್ಣ ರುಜು ಹಾಕಿದರು. ಹಾಲಮ್ಮ ಹೆಬ್ಬೆಟ್ಟು ಒತ್ತಿದಳು. ಶಾಯಿ ಒರೆಸಿಕೊಳ್ಳಲು ಲಕ್ಕಣ್ಣ ತನ್ನ ಟವೆಲನ್ನೇ ಕೊಟ್ಟ. ಅವಳು ಬೇಡವೆಂದು ಬೆರಳನ್ನು ಹಾಗೇ ಇಟ್ಟುಕೊಂಡು ಮನೆಗೆ ಹೋದಳು.

ಆರ್ಡರು ಹಾಲಮ್ಮನ ಹೆಸರಿಗೆ ಬಂತು. ಉಳಿದ ಎಂಟು ಕಂಬಳಿಯನ್ನು ಅವಳು ಮೂರು ವಾರದಲ್ಲಿ ನೇಯ್ದು ಮುಗಿಸಿದಳು.

ಡಿಸೆಂಬರ್ ಹದಿನೇಳರ ಮಧ್ಯಾಹ್ನ ಎರಡಕ್ಕೆ ಹಾಸ್ಟೆಲ್ ಬಾಗಿಲಲ್ಲಿ ಈರಭದ್ರಪ್ಪನ ಎತ್ತಿನ ಗಾಡಿ ನಿಂತಿತು. ಹೊಡೆದುಕೊಂಡು ಬಂದವನು ಲಕ್ಕಣ್ಣ. ಹಿಂದೆ ಇಪ್ಪತ್ತು ಕಂಬಳಿ, ಅವುಗಳ ಮೇಲೆ ಹಾಲಮ್ಮ. ಗಾಡಿಗೆ ಅವರು ಬಾಡಿಗೆ ತೆಗೆದುಕೊಳ್ಳಲಿಲ್ಲ. ಆ ವಾರವೇ ಹಾಲಮ್ಮ ತರೀಕೆರೆಯವನಿಗೆ ಮಗ್ಗದ ಮುಂಗಡವನ್ನು ಹಿಂತಿರುಗಿಸಿದಳು.