ದೊಡ್ಡಮ್ಮನ ಮುಯ್ಯಿ

ಒಂದು ಊರು. ಊರಿನ ಸುತ್ತ ಗದ್ದೆ, ಗದ್ದೆಯ ಸುತ್ತ ನೀರು, ನೀರಿನ ನಡುವೆ ಒಬ್ಬಳು ಮುದುಕಿ. ಅವಳಿಗೆ ಅಂಗೈಯಗಲ ನೆಲವಿರಲಿಲ್ಲ. ಆದರೂ ಆ ಊರಿನ ಯಾವ ಗದ್ದೆಯೂ ಅವಳ ಕೈ ತಾಗದೆ ಹಸಿರಾಗುತ್ತಿರಲಿಲ್ಲ.

ಅಜ್ಜಿ ಹೇಳುತ್ತಿದ್ದ ಕಥೆಗಳೆಲ್ಲ ಹೀಗೇ ಶುರುವಾಗುತ್ತಿದ್ದವು. ಮುದುಕಿಯ ಜಾಗದಲ್ಲಿ ರಾಣಿಯೋ ಗಿಣಿಯೋ ಏಡಿಯೋ ಇರುತ್ತಿತ್ತು, ಅಷ್ಟೆ. ಈ ಕಥೆಯ ಮುದುಕಿ ಮಾತ್ರ ಅಜ್ಜಿಯೇ. ಹೆಸರು ದೊಡ್ಡಮ್ಮ. ಮೇಲಿನ ಬೀದಿಯವರು ಅದನ್ನು ಮೊಟಕು ಮಾಡಿ ದೊಡ್ಡಿ ಎನ್ನುತ್ತಿದ್ದರು. ನಾವು ಕೆಳಗಿನ ಬೀದಿಯವರು. ನಮ್ಮ ಕೈಯ ನೀರನ್ನು ಅವರು ಕುಡಿಯುತ್ತಿರಲಿಲ್ಲ. ಊರು ಹೆಮ್ಮರಗಾಲದ ಆಚೆ, ನಂಜನಗೂಡಿನ ಬಸ್ಸು ಓಡಾಡುವ ಡಾಂಬರು ರಸ್ತೆಯಿಂದ ದೂರಕ್ಕೆ, ಗದ್ದೆ ಬಯಲಿನ ಒಳಗೆ.

ಅಜ್ಜಿ ಸೋಸಲೆಯಿಂದ ಮದುವೆಯಾಗಿ ಬಂದಾಗ ಇಲ್ಲಿ ರಾಗಿ, ಹುರುಳಿ ಬಿಟ್ಟು ಬೇರೆ ಬೆಳೆಯಿರಲಿಲ್ಲವಂತೆ. ಆಮೇಲೆ ಕಬಿನಿ ನಾಲೆ ಬಂತು. ನೀರೇನೋ ಬಂತು, ನೀರಿನಲ್ಲಿ ನಿಂತು ಪೈರು ನೆಡುವುದು ಯಾರಿಗೂ ಬರುತ್ತಿರಲಿಲ್ಲ. ಕಾವೇರಿ ದಂಡೆಯಲ್ಲಿ ಬೆಳೆದ ಅಜ್ಜಿಗೆ ಬರುತ್ತಿತ್ತು. ಮನೆಮನೆಯ ಹೆಂಗಸರನ್ನು ಕೆಸರಿಗಿಳಿಸಿ, ಬೆನ್ನು ಬಗ್ಗಿಸಿ, ಹಿಂದಕ್ಕೆ ಹೆಜ್ಜೆಯಿಡುತ್ತ ನೆಡುವುದನ್ನು ಕಲಿಸಿದಳು. ದಿನಗೂಲಿ ತೆಗೆದುಕೊಳ್ಳುತ್ತಿದ್ದಳು. ಆದರೆ ಪ್ರತಿ ನಾಟಿಯಲ್ಲೂ ಪ್ರತಿ ಮನೆಯಲ್ಲೂ ಒಂದು ದಿನದ ಕೂಲಿಯನ್ನು ಮುಟ್ಟುತ್ತಿರಲಿಲ್ಲ. ಇದು ಮುಯ್ಯಿ ಎನ್ನುತ್ತಿದ್ದಳು.

ಮುಯ್ಯಿ ಎಂದರೆ ಇವತ್ತು ನಿನ್ನ ಗದ್ದೆಗೆ ನಾನು, ನಾಳೆ ನನ್ನ ಗದ್ದೆಗೆ ನೀನು. ಗದ್ದೆಯಿದ್ದವರು ತಮ್ಮ ಸಮಾನರ ಜೊತೆ ಮಾಡಿಕೊಳ್ಳುವ ಏರ್ಪಾಟು. ಗದ್ದೆಯೇ ಇಲ್ಲದವಳು, ಅದೂ ಕೆಳಗಿನ ಬೀದಿಯವಳು, ಮೇಲಿನ ಬೀದಿಯೊಡನೆ ಮುಯ್ಯಿ ಇಟ್ಟುಕೊಳ್ಳುವುದು ಊರಿಗೆ ತಮಾಷೆಯಾಗಿತ್ತು.

"ಮುಯ್ಯಿ ತೀರ್ಸಕ್ಕೆ ನಾವು ಎಲ್ಲಿ ನಾಟಿ ಮಾಡಾದು ದೊಡ್ಡಿ? ನಿನ್ ಸೂರಿನ್ ಮೇಲಾ?" ಎಂದು ಮೇಲಿನ ಬೀದಿಯ ಚಿಕ್ಕಬಸಪ್ಪ ಕೇಳುತ್ತಿದ್ದ.

"ಕರದಾಗ ಬಾರಪ್ಪ. ಎಲ್ಲಿ ಅಂತ ಅವಾಗ ಏಳ್ತೀನಿ."

ಅಜ್ಜಿ ಕೂಲಿ ಬಿಟ್ಟು ಬಂದ ದಿನ ಅವಳ ಮಗ, ನನ್ನ ಅಪ್ಪ ಚಿಕ್ಕಮಾದು ಗೊಣಗುತ್ತಿದ್ದ. ಅಜ್ಜಿ ಹೇಳುತ್ತಿದ್ದಳು, "ಕೂಲಿ ಇಸ್ಕೊಂಡ್ರೆ ಅಲ್ಲಿಗೆ ಮುಗೀತು ಕಣ್ಲಾ. ಮುಯ್ಯಿ ಇದ್ರೆ ಅವರು ನಮ್ ಮನೆ ಕಡೆ ತಿರುಗಿ ನೋಡ್ಬೇಕಾಯ್ತದೆ."

ನಾಲೆ ಬಂದ ಮೇಲೆ ಊರಿನದೊಂದು ವಸ್ತು ಕಳೆದುಹೋಗಿತ್ತು. ಅದು ದಾರಿ. ನಮ್ಮ ಬೀದಿಯಿಂದ ಡಾಂಬರು ರಸ್ತೆಗೆ ಒಂದು ಬಂಡಿದಾರಿ ಇತ್ತಂತೆ. ಒಣ ಹೊಲಗಳ ನಡುವೆ ಇರುವಷ್ಟು ದಿನ ಅದರ ಮೇಲೆ ಯಾರ ಕಣ್ಣೂ ಇರಲಿಲ್ಲ. ನೀರು ಬಂದ ಮೇಲೆ ಪ್ರತಿ ಉಳುಮೆಯಲ್ಲೂ ಆಚೆಯಿಂದ ಒಂದು ಗೆರೆ, ಈಚೆಯಿಂದ ಒಂದು ಗೆರೆ ನೇಗಿಲ ಬಾಯಿಗೆ ಹೋಗಿ, ಕೊನೆಗೆ ಒಬ್ಬರು ಕಾಲಿನ ಮುಂದೆ ಕಾಲಿಟ್ಟು ನಡೆಯುವಷ್ಟು ಬದು ಉಳಿಯಿತು. ತಾಲ್ಲೂಕು ಕಚೇರಿಗೆ ಅರ್ಜಿ ಹಾಕಿದರು, ಸರ್ವೆಯವರು ಬರುತ್ತಾರೆ ಎಂದರು, ಯಾರೂ ಬರಲಿಲ್ಲ. ನಾಲೆಗೆ ನೀರು ಬಿಟ್ಟರೆ ಆ ಬದುವೂ ಕೆಸರು. ರಸ್ತೆಯ ಹತ್ತಿರ ಕಾಲುವೆಗೆ ಅಡ್ಡವಾಗಿ ಒಂದು ತೆಂಗಿನ ಮರ ಹಾಕಿದ್ದರು, ಅದೇ ಸೇತುವೆ.

ನಮ್ಮ ಬೀದಿಯ ಹೆಣ್ಣುಮಕ್ಕಳು ಊರಿನ ಸ್ಕೂಲಿನಲ್ಲಿ ಏಳನೇ ಕ್ಲಾಸು ಮುಗಿಸಿ ಅಲ್ಲಿಗೇ ನಿಲ್ಲುತ್ತಿದ್ದರು. ಪಕ್ಕದ ಮನೆಯ ಬಿಂದುಶ್ರೀ ಒಬ್ಬಳು ಧೈರ್ಯ ಮಾಡಿ ನಂಜನಗೂಡಿನ ಹೈಸ್ಕೂಲಿಗೆ ಹೊರಟಿದ್ದಳು. ಮಳೆಗಾಲದ ಒಂದು ಬೆಳಗ್ಗೆ ತೆಂಗಿನ ಮರದ ಮೇಲಿಂದ ಜಾರಿ, ಪುಸ್ತಕದ ಚೀಲದ ಸಮೇತ ಕಾಲುವೆಗೆ ಬಿದ್ದಳು. ಯಾರೋ ಜಡೆ ಹಿಡಿದು ಎಳೆದುಕೊಂಡರು. ಆಮೇಲೆ ಅವಳು ಹೋಗಲಿಲ್ಲ.

ಮರುವರ್ಷ, ತೊಂಬತ್ತಾರರಲ್ಲಿ, ನನ್ನ ಏಳನೇ ಕ್ಲಾಸು ಮುಗಿಯಿತು.

"ಸಾಕು ಪವಿತ್ರ," ಎಂದ ಅಪ್ಪ. "ನಿನ್ನ ಕಾಲುವೇಲಿ ಉಡುಕಕ್ಕೆ ನನ್ ಕೈಲಾಗಲ್ಲ."

"ದಾರಿ ಇದ್ದಿದ್ರೆ ಕಳುಸ್ತಿದ್ಯೇನ್ಲಾ?" ಎಂದು ಕೇಳಿದಳು ಅಜ್ಜಿ.

"ದಾರಿ ಇದ್ರೆ ನಾನ್ಯಾಕೆ ಬ್ಯಾಡ ಅಂತೀನವ್ವ."

"ಅಂಗಾರೆ ನಾಲೆಗೆ ನೀರು ಬಿಡೋ ಒತ್ಗೆ ದಾರಿ ಆಯ್ತದೆ. ಮೊಗಾ, ನೀನು ಅಳ್ಬೇಡ. ನಾನು ಮಾತು ಕೊಟ್ಟಿವ್ನಿ."

ನಾನು ಆ ಕ್ಷಣವೇ ನಂಬಿದೆ. ಅಜ್ಜಿಯ ಕಥೆಗಳಲ್ಲಿ ರಾಣಿ ಮಾತು ಕೊಟ್ಟರೆ ಕಾಡು ಎರಡಾಗಿ ಸೀಳಿಕೊಳ್ಳುತ್ತಿತ್ತು. ಅಪ್ಪ ಮಾತ್ರ ಬೀಡಿ ಹಚ್ಚಿಕೊಂಡು ಆ ಕಡೆ ತಿರುಗಿದ.

ಮುಯ್ಯಿ ಕರೆಯುವವರು ಎಲೆ ಅಡಿಕೆ ಇಟ್ಟು ಕರೆಯಬೇಕು. ಅಜ್ಜಿ ಮೊರದಲ್ಲಿ ವೀಳ್ಯದೆಲೆ ಜೋಡಿಸಿಕೊಂಡು ಹೊರಟಳು, ಹಿಂದೆ ನಾನು. ಮೊದಲ ಮನೆ ಸಿದ್ದಮಲ್ಲಪ್ಪನವರದು. ಕಳೆದುಹೋದ ದಾರಿಯ ಬಹುಪಾಲು ಇದ್ದುದು ಅವರ ಗದ್ದೆಯೊಳಗೇ. ಅವರು ಜಗುಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು.

"ಯಜಮಾನ್ರೆ, ಮುಯ್ಯಿ ಕರಿಯಾಕ್ ಬಂದಿವ್ನಿ. ಮಂಗಳವಾರ ಒತ್ತಾರೆ ಬರ್ಬೇಕು."

"ಯಾವ್ ಗದ್ದೆಗೆ ಬರ್ಲಿ?" ಅವರು ತಲೆಯೆತ್ತಲಿಲ್ಲ.

"ದಾರಿಗೆ."

ಹಗ್ಗ ನಿಂತಿತು. "ಅದು ನನ್ ಗದ್ದೆ."

"ಗದ್ದೆ ನಿಮ್ದೇ. ಅದ್ರೊಳಗೆ ದಾರಿ ಮಲಗದೆ. ಎಬ್ಬುಸ್ಬೇಕು."

"ಕೋರ್ಟಿಗೆ ಓಗು."

"ಕೋರ್ಟಿನ್ ಜೊತೆ ನಂಗೆ ಮುಯ್ಯಿ ಇಲ್ವಲ್ಲ ಸಾಮಿ. ನಿಮ್ ಜೊತೆ ಅದೆ."

ಒಳಗಿನಿಂದ ಅವರ ಹೆಂಡತಿ ಶಿವನಂಜಮ್ಮ ಬಾಗಿಲಿಗೆ ಬಂದರು. "ನೀರು ಬಂದ ವರ್ಸ ನಾನು ಕೆಸರಲ್ಲಿ ಬಿದ್ದು ಅಳ್ತಾ ಕೂತಿದ್ನಲ್ಲ, ಅವತ್ತು ಸೊಂಟ ಹಿಡ್ದು ಎತ್ತಿ, ಪೈರು ಕೈಗಿಟ್ಟೋಳು ಇವ್ಳು. ಅವತ್ತಿನ್ ಕೂಲಿ ಕೊಟ್ರಾ?"

"ಇವ್ಳೇ ಇಸ್ಕೊಳ್ಳಲಿಲ್ಲ."

"ಇಸ್ಕೊಳ್ಳಲಿಲ್ಲ ಅಂದ್ಮೇಲೆ ಬಾಕಿ ಅಂತ ತಾನೆ?" ಎಂದು ಶಿವನಂಜಮ್ಮ ಬಗ್ಗಿ ಮೊರದಿಂದ ಎಲೆ ತೆಗೆದುಕೊಂಡರು. ಸಿದ್ದಮಲ್ಲಪ್ಪನವರು ಮತ್ತೆ ಹಗ್ಗ ಹೊಸೆಯತೊಡಗಿದರು. ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎನ್ನಲೂ ಇಲ್ಲ.

ಮಂಗಳವಾರ ಬೆಳಗ್ಗೆ ಬದುವಿನ ತುದಿಯಲ್ಲಿ ನಮ್ಮ ಬೀದಿಯವರು ಮಾತ್ರ ಗುದ್ದಲಿ, ಹಾರೆ, ಮಣ್ಣು ಹೊರುವ ಮಂಕರಿ ಹಿಡಿದು ನಿಂತಿದ್ದರು. ಬಿಸಿಲು ಏರಿತು. ಅಪ್ಪ ಅಜ್ಜಿಯ ಮುಖ ನೋಡುವುದನ್ನು ಬಿಟ್ಟು ಅಗೆಯಲು ಶುರುಮಾಡಿದ.

ಆಗ ನಾಲೆಯ ಏರಿಯ ಮೇಲೆ ಏನೋ ಅಲುಗಿತು. ಸೂರ್ಯ ಹಿಂದಿದ್ದುದರಿಂದ ಮುಖಗಳು ಕಾಣಲಿಲ್ಲ. ತಲೆಯ ಮೇಲೆ ಮಂಕರಿ ಕವುಚಿಕೊಂಡವರ ಸಾಲು. ಆಮೆಗಳು ಎದ್ದು ನಿಂತು ನಡೆದು ಬಂದ ಹಾಗೆ. ಮುಗಿಯಿತು ಎಂದುಕೊಂಡಾಗ ಇನ್ನೊಬ್ಬರು, ಅವರ ಹಿಂದೆ ಇನ್ನೊಬ್ಬರು, ಎಲ್ಲರ ಹಿಂದೆ ಚಿಕ್ಕಬಸಪ್ಪನ ಜೋಡೆತ್ತಿನ ಗಾಡಿ. ಗಾಡಿಯ ಕೀಲಿನ ಸದ್ದು ಮಾತ್ರ. ಕಥೆಯಲ್ಲಿ ಬೆಟ್ಟ ನಡೆದು ಬಂದಾಗ ಒಮ್ಮೆಯೂ ಅನುಮಾನಪಡದ ನಾನು, ಮೇಲಿನ ಬೀದಿ ನಡೆದು ಬರುವುದನ್ನು ಕಣ್ಣಾರೆ ಕಂಡು ನಂಬದೆ ಅಜ್ಜಿಯ ಸೆರಗು ಹಿಡಿದುಕೊಂಡೆ. ಅಜ್ಜಿ ಬಂದವರನ್ನು ಬೆರಳು ಮಡಿಸಿ ಎಣಿಸಿ, ಮತ್ತೆ ಮೊದಲಿಂದ ಎಣಿಸುತ್ತಿದ್ದಳು. ಅವಳಿಗೂ ನಂಬಿಕೆಯಿರಲಿಲ್ಲವೆಂದು ಆಗ ಗೊತ್ತಾಯಿತು.

ಸಿದ್ದಮಲ್ಲಪ್ಪನವರು ಕೊನೆಯಲ್ಲಿ, ಬರಿಗೈಯಲ್ಲಿ ಬಂದರು. ಅಪ್ಪ ಬದುವಿನ ಅಂಚಿಗೇ ಹಗ್ಗ ಎಳೆದು ಗೂಟ ಹೊಡೆಯುತ್ತಿದ್ದ. ಅವರು ಅದನ್ನು ಸ್ವಲ್ಪ ಹೊತ್ತು ನೋಡಿ, ಅಪ್ಪನ ಕೈಯಿಂದ ಹಗ್ಗ ತೆಗೆದುಕೊಂಡು, ತಮ್ಮ ಗದ್ದೆಯೊಳಗೆ ನಡೆದರು. ಒಂದು ಕಡೆ ನಿಂತು ಹಿಮ್ಮಡಿಯಿಂದ ನೆಲ ಒತ್ತಿದರು. "ಇಲ್ಲಿತ್ತು ದಾರಿ. ಇಲ್ಲಿ ಹೊಡಿ ಗೂಟ," ಎಂದರು. ಅಪ್ಪ ಗೂಟ ಕಿತ್ತುಕೊಂಡು ಹೋಗಿ ಅವರ ಹಿಮ್ಮಡಿಯ ಗುರುತಿಗೇ ಹೊಡೆದ.

ಮಧ್ಯಾಹ್ನ ಹೊಂಗೆ ಮರದ ಕೆಳಗೆ ಮುದ್ದೆ, ಹುರುಳಿ ಸಾರು. ನಮ್ಮ ಬೀದಿಯ ಮನೆಗಳೆಲ್ಲ ಹಿಟ್ಟು ಕೂಡಿಸಿದ್ದವು. ಮೇಲಿನ ಬೀದಿಯವರು ಕೈತೊಳೆದುಕೊಂಡು, ಪಂಚೆ ಕೊಡವಿಕೊಂಡು, "ಮುಯ್ಯಿ ತೀರ್ತು ದೊಡ್ಡಿ, ಬತ್ತೀವಿ," ಎಂದು ಹೊರಟರು.

"ಎಲ್ ತೀರ್ತು?" ಎಂದಳು ಅಜ್ಜಿ. "ಕರದೋರ ಮನೆ ಊಟ ಉಂಡ್ರೆ ಮುಯ್ಯಿ ತೀರೋದು. ಉಣ್ದೆ ಓದ್ರೆ ಇವತ್ತಿಂದು ಲೆಕ್ಕಕ್ಕಿಲ್ಲ. ನಾಳೆ ಬರ್ಬೇಕು."

"ಇದ್ಯಾವೂರ್ ಕಾನೂನು?"

"ನಮ್ ಸೋಸಲೇದು."

ಸೋಸಲೆಗೆ ಹೋಗಿ ಕೇಳಿಬರುವಷ್ಟು ಪುರುಸೊತ್ತು ಯಾರಿಗೂ ಇರಲಿಲ್ಲ. ಉಣ್ಣುವುದಕ್ಕೂ ಮನಸ್ಸಿಲ್ಲ, ಬಾಕಿ ಉಳಿಸಿಕೊಳ್ಳುವುದಕ್ಕೂ ಮನಸ್ಸಿಲ್ಲ. ಮಾರನೆಯ ದಿನ ಮತ್ತೆ ಬಂದರು. ಅದರ ಮಾರನೆಯ ದಿನವೂ ಬಂದರು. ದಾರಿ ಏರಿಯಂತೆ ಎದ್ದು ಮುಂದೆ ಮುಂದೆ ಹೋಗುತ್ತಿತ್ತು.

ಕೊನೆಗೆ ಚಿಕ್ಕಬಸಪ್ಪ ಒಂದು ಮಧ್ಯಾಹ್ನ ಹೊಂಗೆಯ ನೆರಳಿಗೆ ಬಂದು ದಬಕ್ಕನೆ ಕೂತ. "ದಿನಾ ಮಣ್ಣು ಹೊರೋದ್ಕಿಂತ ಉಣ್ಣೋದೇ ಸಲೀಸು. ಇಕ್ಕವ್ವ."

ಮೇಲಿನ ಬೀದಿಯವರು ದೂರದಲ್ಲಿ ನಿಂತು ನೋಡಿದರು. ಅವನು ಮೊದಲ ತುತ್ತು ಮುರಿದು, ಸಾರಿನಲ್ಲಿ ಅದ್ದಿ, ನುಂಗಿದ. "ಏನ್ರಪ್ಪ ಅಂಗ್ ನೋಡ್ತೀರಿ? ಸತ್ತೋಗಿಲ್ಲ. ಉಪ್ಪು ಒಂಚೂರು ಕಮ್ಮಿ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ಇನ್ನಿಬ್ಬರು ಬಂದು ಕೂತರು. ಮಾರನೆಯ ದಿನ ಮತ್ತೆ ಕೆಲವರು. ನಾನು ನೀರು ಹಾಕುತ್ತಿದ್ದೆ. ನನ್ನ ಚೆಂಬಿನಿಂದ ಅವರ ಲೋಟಕ್ಕೆ ನೀರು ಬೀಳುವ ಸದ್ದನ್ನು ಉಸಿರು ಹಿಡಿದು ಕೇಳುತ್ತಿದ್ದೆ.

ಆದರೆ ಉಂಡವರ ಮುಯ್ಯಿ ತೀರಿತು. ತೀರಿದವರು ಬರಲಿಲ್ಲ. ಕೆಲಸ ಕಾಲುವೆಯ ತನಕ ಬಂದು, ಅತ್ಯಂತ ತಗ್ಗಿನ ಜಾಗದಲ್ಲಿ ನಿಂತಿತು. ಅಲ್ಲಿ ಎಷ್ಟು ಮಣ್ಣು ಸುರಿದರೂ ಕುಸಿಯುತ್ತಿತ್ತು. ಉಳಿದಿದ್ದವರು ನಾವು, ಮತ್ತೆ ಉಣ್ಣದೆ ದಿನವೂ ಬರುತ್ತಿದ್ದ ಸಿದ್ದಮಲ್ಲಪ್ಪನವರು. ಮರುವಾರದ ಗುರುವಾರ ಸಂಜೆ ನೀರು ತಿರುಗಿಸುವ ನೀರಗಂಟಿ ರಾಮಯ್ಯ ಏರಿಯ ಮೇಲಿಂದ ಕೂಗಿ ಹೇಳಿದ, "ಶುಕ್ರವಾರ ತೂಬು ಎತ್ತುತಾರೆ ಕಣಮ್ಮೋ."

ಮರುದಿನವೇ ಶುಕ್ರವಾರ, ನಾಲೆಗೆ ನೀರು ಬರುವ ದಿನ. ಅಪ್ಪ ನನ್ನ ಕಡೆ ನೋಡಲಿಲ್ಲ. ಅಜ್ಜಿ ಕುಸಿದ ಮಣ್ಣಿನ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಕರಿಯಾಕೆ ಇನ್ನು ಯಾರೂ ಉಳಿದಿಲ್ಲ," ಎಂದಳು. ಅವಳ ಬಾಯಲ್ಲಿ ಕಥೆಯಿಲ್ಲದ್ದನ್ನು ನಾನು ನೋಡಿದ್ದು ಅದೇ ಮೊದಲು.

ಶುಕ್ರವಾರ ನಸುಕಿಗೆ ಬದುವಿಗೆ ಬಂದರೆ ಕಾಲುವೆಯ ಹತ್ತಿರ ಆಗಲೇ ಜನ ಇದ್ದರು. ಚಿಕ್ಕಬಸಪ್ಪ ಗಾಡಿಯಿಂದ ದಪ್ಪ ಕಾಡುಕಲ್ಲು ಇಳಿಸುತ್ತಿದ್ದ. ಉಂಡು ಹೋದವರೆಲ್ಲ ಬಂದಿದ್ದರು. ಈ ಸಲ ಶಿವನಂಜಮ್ಮ, ಅವರ ಜೊತೆ ಮೇಲಿನ ಬೀದಿಯ ಹೆಂಗಸರೂ ಸೀರೆ ಎತ್ತಿ ಕಟ್ಟಿಕೊಂಡು ಕೆಸರಿನಲ್ಲಿ ಸಾಲಾಗಿ ನಿಂತು ಮಂಕರಿ ಸಾಗಿಸುತ್ತಿದ್ದರು.

"ನಿಮ್ ಮುಯ್ಯಿ ತೀರಿತ್ತಲ್ಲಪ್ಪ," ಎಂದಳು ಅಜ್ಜಿ.

"ಹಳೇದು ತೀರ್ತು," ಎಂದ ಚಿಕ್ಕಬಸಪ್ಪ. "ಇದು ಹೊಸ್ದು. ನಾಟಿಗೆ ನಿಮ್ ಬೀದಿಯೋರು ನಮ್ ಗದ್ದೆಗೆ ಬರ್ಬೇಕು. ಕೂಲಿ ಕೇಳಂಗಿಲ್ಲ, ಉಣ್ದೆ ಓಗಂಗಿಲ್ಲ. ಸೋಸಲೆ ಕಾನೂನು ಅಂದ್ರೆ ಎಲ್ರಿಗೂ ಒಂದೇ."

ಅಜ್ಜಿ ಕೆಸರಿಗಿಳಿದು ಶಿವನಂಜಮ್ಮನ ಪಕ್ಕ ನಿಂತಳು. ಮಂಕರಿಗಳು ಕೈಯಿಂದ ಕೈಗೆ ಓಡಿದವು. ಯಾವ ಕೈ ಯಾವ ಬೀದಿಯದು ಎಂದು ಹೇಳುವ ಹಾಗಿರಲಿಲ್ಲ, ಎಲ್ಲ ಕೈಗೂ ಒಂದೇ ಮಣ್ಣು. ಮೇಲೆ ತೂಬಿನ ಕಡೆ ನೀರಿನ ಸದ್ದು ಕೇಳಿಸಿತು. ರಾಮಯ್ಯ ಒಂದು ಗಳಿಗೆ ತಡೆಯುತ್ತೇನೆ ಎಂದು ಅತ್ತ ಓಡಿದ.

ಎರಡು ದಡಕ್ಕೂ ಕಲ್ಲು ಕೂತಿತು, ನಡುವೆ ನೀರು ಹರಿಯುವಷ್ಟು ಕಂಡಿ ಉಳಿಯಿತು. ಅದರ ಮೇಲೆ ಹಾಕುವುದಕ್ಕೆ ತೆಂಗಿನ ಮರ ಬಿಟ್ಟರೆ ಏನೂ ಇರಲಿಲ್ಲ. ಆಗ ಸಿದ್ದಮಲ್ಲಪ್ಪನವರ ಗಾಡಿ ಬಂತು. ಗಾಡಿಯಲ್ಲಿ ಉದ್ದನೆಯ ಚಪ್ಪಡಿ, ಅವರ ಕೊಟ್ಟಿಗೆಯ ಬಾಗಿಲಿಗೆ ಹಾಸಿದ್ದ ಕಲ್ಲು.

"ಇವತ್ತಾದ್ರೂ ಉಣ್ಣಿ ಯಜಮಾನ್ರೆ," ಎಂದಳು ಅಜ್ಜಿ.

ಅವರು ಚಪ್ಪಡಿಗೆ ಹಗ್ಗ ಸುತ್ತುತ್ತಲೇ ಹೇಳಿದರು. "ಬ್ಯಾಡ. ನಂದು ಬಾಕಿ ಇರ್ಲಿ. ಮುಂದ್ಲ ಮಳೇಲಿ ಮಣ್ಣು ಕುಸುದ್ರೆ ಬರಕ್ಕೆ ಒಬ್ಬ ಬೇಕಲ್ಲ."

ಅದು ಬಿಗುಮಾನವೋ ಪ್ರೀತಿಯೋ ನನಗೆ ಇವತ್ತಿಗೂ ಗೊತ್ತಿಲ್ಲ. ಎರಡು ಬೀದಿಯ ಗಂಡಸರು ಹಾರೆ ಕೊಟ್ಟು, ಐಸಾ ಎಂದು ಒಟ್ಟಿಗೆ ಕೂಗಿ ನೂಕಿದರು. ಚಪ್ಪಡಿ ಜಾರಿ, ಒಮ್ಮೆ ವಾಲಿ, ಎರಡು ದಡದ ಮೇಲೂ ಕೂತಿತು. ಅದರ ಕೆಳಗೆ ಕೆಂಪು ನೀರು ನುಗ್ಗಿ ಹರಿಯಿತು. ಅಜ್ಜಿ ಒಂದು ಕಾಲಿಟ್ಟು ತುಳಿದು ನೋಡಿದಳು. ಅಲುಗಲಿಲ್ಲ. ಅಪ್ಪ ನನ್ನ ಬೆನ್ನ ಮೇಲೆ ಕೈಯಿಟ್ಟು ಮೆಲ್ಲಗೆ ಮುಂದಕ್ಕೆ ನೂಕಿದ. ಎಲ್ಲರೂ ನೋಡುತ್ತಿರುವಾಗ ನಾನು ಕಲ್ಲು ದಾಟಿ, ನಂಜನಗೂಡಿನ ಕಡೆಗೆ ಹೋಗುವ ಡಾಂಬರಿನ ಮೇಲೆ ನಿಂತೆ.